ನಮ್ಮ ಬಳ್ಳಿಗೆ ಹಣ್ಣು ಯಾಕಿಲ್ಲ?

ಹೆಡ್‌ಲ್ಯಾಂಡ್ ಸಡಾ, ವಾಸ್ಕೊ
ಸಂಕ್ರಾಂತಿಯ ಮರುದಿನ

ಚಿ. ತಂಗಿಗೆ,

ನೀನು ಕಳಿಸಿದ ಫೋಟೋ ಭೋಗಿಯ ದಿನ ಬಂತು. ನಿಮ್ಮವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು, ನಾನು ಕನ್ನಡಕ ಹುಡುಕುತ್ತಿದ್ದೆ. ಹಾಸ್ಟೆಲಿನ ಹಿಂದಿನ ಬೇವಿನ ಮರ, ಅದಕ್ಕೆ ಸುತ್ತಿಕೊಂಡ ಬಳ್ಳಿ, ಬಳ್ಳಿಯ ತುಂಬ ಬಟಾಣಿ ಗಾತ್ರದ ಕೆಂಪು ಹಣ್ಣು. ಕೆಳಗೆ ನಿನ್ನ ಪ್ರಶ್ನೆ: "ಅಜ್ಜಾ, ಇದು ನಮ್ಮ ಮನಿ ಅಮೃತಬಳ್ಳಿ ಹೌದಿಲ್ಲೋ? ಹಂಗಾದ್ರ ನಮ್ಮ ಬಳ್ಳಿಗೆ ಯಾಕ ಒಂದೂ ಹಣ್ಣು ಬಿಟ್ಟಿಲ್ಲ?"

ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಅಜ್ಜಾ, ಹೂಂ ಅಜ್ಜಾ" ಅನ್ನುತ್ತೀ, ಇಟ್ಟ ಕೂಡಲೇ ಮರೆಯುತ್ತೀ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿಗೆ ಬಂದರಿನಲ್ಲಿ ಅದಿರು ಸಾಗಿಸುವ ಬೆಲ್ಟು ನೋಡಿಕೊಂಡು ಮುದುಕನಾದವನು ಗಿಡದ ಪಾಠ ಹೇಳುವುದು ತಮಾಷೆಯೇ. ಇರಲಿ, ಕೇಳಿದ್ದು ನೀನು.

ನಿನ್ನ ಮೊದಲ ಪ್ರಶ್ನೆಗೆ ಫೋಟೋ ನೋಡಿ ಉತ್ತರ ಹೇಳಲಾರೆ. ಅದನ್ನು ನೀನೇ ಗಿಡದ ಹತ್ತಿರ ಹೋಗಿ ನೋಡಬೇಕು, ಹೇಗೆ ಅಂತ ಮುಂದೆ ಬರೆದಿದ್ದೇನೆ. ಎರಡನೆಯದರ ಉತ್ತರ ನನಗೆ ಎರಡು ವರ್ಷದಿಂದ ಗೊತ್ತು. ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಅದರಲ್ಲಿ ನನ್ನದೇ ಪೆದ್ದುತನ ಇದೆ.

ನಾನು ಇಲ್ಲಿಗೆ ಬಂದದ್ದು 1978ರಲ್ಲಿ. ಮರುವರ್ಷ ಮುರ್ಗಾಂವ್ ಬಂದರಿನ ಒಂಬತ್ತನೇ ಧಕ್ಕೆಯಲ್ಲಿ ಅದಿರು ತುಂಬುವ ಯಂತ್ರಗಳು ಶುರುವಾದವು. ಆಗ ಸಡಾ ಅಂದರೆ ಸಮುದ್ರಕ್ಕೆ ಮೂಗು ಚಾಚಿದ ಬೋಳು ಗುಡ್ಡ. ಜಂಬಿಟ್ಟಿಗೆ ಕಲ್ಲು, ಕರಡದ ಹುಲ್ಲು, ಅಲ್ಲೊಂದು ಇಲ್ಲೊಂದು ಗೇರು ಮರ. ಬಾದಾಮಿ ಕಡೆಯಿಂದ ಬಂದವನಿಗೆ ಕೆಂಪು ಕಲ್ಲು ಹೊಸದಲ್ಲ. ಹೊಸದಾಗಿದ್ದದ್ದು ಮಳೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಸುರಿಯುತ್ತದೆ, ನಮ್ಮೂರಿನ ಪಾಲು ಅದರ ಐದನೇ ಒಂದು ಭಾಗ. ಮೊದಲ ಮಳೆಗಾಲದಲ್ಲಿ ನನ್ನ ಚಪ್ಪಲಿಗೂ ಬೂಷ್ಟು, ಹಾಸಿಗೆಗೂ ಬೂಷ್ಟು, ಮೈಗೆ ಜ್ವರ.

ಆ ಜ್ವರದ ಸುದ್ದಿ ಊರಿಗೆ ಹೋಗಿ, ವರ್ಷಗಳ ಮೇಲೂ ನಿನ್ನ ಮುತ್ತಜ್ಜಿಯ ಮನಸ್ಸಿನಿಂದ ಹೋಗಿರಲಿಲ್ಲ. 1986ರ ದೀಪಾವಳಿ ಮುಗಿಸಿ ಹೊರಟಾಗ ರೊಟ್ಟಿ ಬುತ್ತಿಯ ಗಂಟಿನೊಳಗೆ ಹೆಬ್ಬೆರಳು ಗಾತ್ರದ ಎರಡು ಕಡ್ಡಿ ತುರುಕಿದಳು. "ಅಮೃತಬಳ್ಳಿ. ನೆಲಕ್ಕ ಚುಚ್ಚು" ಅಂದಳು, ಅಷ್ಟೇ. ಹುಬ್ಬಳ್ಳಿಯಿಂದ ಮೀಟರ್ ಗೇಜ್ ಗಾಡಿ, ಕ್ಯಾಸಲ್‌ರಾಕ್ ದಾಟಿದ ಮೇಲೆ ದೂಧಸಾಗರದ ಹೊಗೆಯಂಥ ನೀರು, ಕುಳೆಂ, ಆಮೇಲೆ ಬಯಲು. ಬುತ್ತಿ ತಿಂದೆ, ಗಂಟು ಮೂಲೆಗೆ ಎಸೆದೆ. ಹನ್ನೊಂದು ದಿನ ಕಳೆದ ಮೇಲೆ ಬಟ್ಟೆ ಒಗೆಯಲು ಹುಡುಕುವಾಗ ಕಡ್ಡಿ ಸಿಕ್ಕವು. ಒಂದು ಸತ್ತಿತ್ತು. ಇನ್ನೊಂದರ ಗಿಣ್ಣಿನಲ್ಲಿ, ಆ ಕತ್ತಲೆ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಹಸಿರು ಮೊಳಕೆ ಇಣುಕುತ್ತಿತ್ತು.

ಸಂಸ್ಕೃತದವರು ಇದಕ್ಕೆ ಛಿನ್ನರುಹಾ ಅನ್ನುತ್ತಾರೆ, ಕಡಿದರೂ ಚಿಗುರುವುದು ಅಂತ. ಆ ಹೆಸರನ್ನು ನಾನು ಓದಿ ತಿಳಿದದ್ದು ನಿವೃತ್ತಿಯ ಮೇಲೆ. ಅದೇ ಪುಸ್ತಕದಲ್ಲಿ ಇನ್ನೊಂದು ಕಥೆಯೂ ಇತ್ತು: ಲಂಕೆಯ ಯುದ್ಧದಲ್ಲಿ ಸತ್ತ ಕಪಿಗಳನ್ನು ಬದುಕಿಸಲು ಇಂದ್ರ ಅಮೃತ ಚಿಮುಕಿಸಿದ, ನೆಲಕ್ಕೆ ಬಿದ್ದ ಹನಿಗಳಿಂದ ಈ ಬಳ್ಳಿ ಹುಟ್ಟಿತು ಅಂತ. ನನ್ನ ಕಡ್ಡಿ ಬುತ್ತಿಗಂಟಿನಲ್ಲಿ ಬದುಕಿದ್ದು ಅದಕ್ಕಿಂತ ಏನೂ ಕಡಿಮೆ ಅನ್ನಿಸಲಿಲ್ಲ ನನಗೆ. ನಿಮ್ಮಪ್ಪ ಮಾತ್ರ ಈ ಬಳ್ಳಿಯನ್ನು ನಮ್ಮ ವಲಸೆಗೆ ಹೋಲಿಸಿ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಭಾಷಣ ಹೊಡೆಯುತ್ತಾನೆ. ಬೇರು ಬಿಟ್ಟಿತು, ಹಬ್ಬಿತು ಅಂತೆಲ್ಲ. ನನಗೆ ಆ ಹೋಲಿಕೆ ಬೇಡ. ಬಳ್ಳಿಗೆ ರೇಶನ್ ಕಾರ್ಡು ಕೇಳುವವರಿಲ್ಲ.

ಆ ಒಂದು ಕಡ್ಡಿಯಿಂದ ಬಂದದ್ದೇ ನಮ್ಮ ಹಿತ್ತಲಿನ ಬಳ್ಳಿ. ಮೂವತ್ತು ವರ್ಷ ಅದು ನಮ್ಮ ಪಾಡಿಗೆ ನಮ್ಮದಾಗಿತ್ತು. 2020ರ ಜೂನ್ ಬಂತು, ಕೊರೊನಾದ ಕಾಲ. ವಾಸ್ಕೊದ ಮಾಂಗೋರ್ ಹಿಲ್ ಅನ್ನು ಕಂಟೇನ್ಮೆಂಟ್ ವಲಯ ಮಾಡಿ ಮುಚ್ಚಿದರು. ಗೋವಾದಲ್ಲಿ ಅದೇ ಮೊದಲನೆಯದು, ನಮ್ಮ ಗುಡ್ಡಕ್ಕೆ ದೂರವೇನಲ್ಲ. ನಿನಗೆ ಆಗ ಹದಿಮೂರೋ ಹದಿನಾಲ್ಕೋ, ಇಡೀ ದಿನ ಕಿಟಕಿಯಲ್ಲಿ ಕೂತಿರುತ್ತಿದ್ದೆ. ಆಗ ಶುರುವಾಯಿತು ನೋಡು. ಗೇಟಿನ ಆಚೆ ಮಾಸ್ಕ್ ಹಾಕಿಕೊಂಡು ನಿಂತು, ವಿಜಯಪುರದವರು "ಅಜ್ಜಾರ, ಅಮೃತಬಳ್ಳಿ" ಅನ್ನುವರು, ಪಕ್ಕದ ಮನೆಯ ಕೊಂಕಣಿ ಬಾಯಿ "ಅಮೃತವೇಲ್" ಅನ್ನುವಳು, ಸಿಂಧುದುರ್ಗದ ಕಡೆಯವರು "ಗುಳವೇಲ್", ಬಿಹಾರದ ವೆಲ್ಡರ್ ಹುಡುಗ "ಗಿಲೋಯ್". ನನಗೆ ಎಂಥಾ ಹಿಗ್ಗು! ವಹಿಯಲ್ಲಿ ಬರೆದಿಟ್ಟಿದ್ದೇನೆ, ಎರಡು ಮಳೆಗಾಲದಲ್ಲಿ 64 ಕಡ್ಡಿ ಹಂಚಿದ್ದೇನೆ. ಸಡಾದ ಅರ್ಧ ಕಂಪೌಂಡುಗಳಲ್ಲಿ ಈಗ ಕಾಣುವುದು ಅದೇ ಬಳ್ಳಿ.

ಈಗ ನನ್ನ ಪೆದ್ದುತನಕ್ಕೆ ಬರುತ್ತೇನೆ. ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಪಪ್ಪಾಯಿಯಲ್ಲಿ ನೋಡಿದ್ದೀಯಲ್ಲ, ಹಾಗೆ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ ಬಳ್ಳಿ ಹಗ್ಗದ ಹಾಗೆ ಜೋತುಬಿದ್ದಾಗ, ಬೋಳು ಕೊಂಬೆಯಲ್ಲಿ ಹಸಿರು ಹಳದಿಯ ಹೂ ಬರುತ್ತದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಇದ್ದದ್ದು ಕಣ್ಣಿಗೆ ಬೀಳುವುದೇ ಕಷ್ಟ. ನಮ್ಮ ಬಳ್ಳಿ ವರ್ಷ ವರ್ಷ ಹೂ ಬಿಡುತ್ತಿತ್ತು, ಉದುರುತ್ತಿತ್ತು. ಉಪ್ಪು ಗಾಳಿ ಅಂದುಕೊಂಡೆ, ಮಣ್ಣು ಸರಿಯಿಲ್ಲ ಅಂದುಕೊಂಡೆ. ಎರಡು ವರ್ಷದ ಹಿಂದೆ ಏಪ್ರಿಲಿನಲ್ಲಿ, ನೀನು ಏಳನೇ ಇಯತ್ತೆಯಲ್ಲಿ ಬಹುಮಾನ ಗೆದ್ದ ಭೂತಗನ್ನಡಿ ಸಿಕ್ಕಿತು. ಹೂ ಕಿತ್ತು ಬಿಸಿಲಿಗೆ ಹಿಡಿದೆ. ಒಂದೇ ಕಡೆಯಿಂದ ನಾಲ್ಕೈದು ಹೂ ಗೊಂಚಲಾಗಿ ಹೊರಟಿದ್ದವು. ಒಂದೊಂದರಲ್ಲೂ ಆರು ಎಸಳು, ಆರು ಕೇಸರ, ನಡುವೆ ಏನೂ ಇಲ್ಲ. ಹೆಣ್ಣು ಹೂವಾಗಿದ್ದರೆ ಸಾಮಾನ್ಯವಾಗಿ ಒಂಟೊಂಟಿಯಾಗಿ ಕೂತಿರುತ್ತಿತ್ತು, ನಡುವೆ ಕಾಯಿಯಾಗುವ ಮೂರು ಪುಟ್ಟ ಗಡಿಗೆ ಇರುತ್ತಿದ್ದವು.

ನಮ್ಮದು ಗಂಡು. ಮೂವತ್ತೇಳು ವರ್ಷ ಸಾಕಿದ್ದು ಗಂಡು ಬಳ್ಳಿ!

ಅಷ್ಟಕ್ಕೇ ಮುಗಿಯಲಿಲ್ಲ. ಕಡ್ಡಿ ನೆಟ್ಟು ಬೆಳೆಸಿದ್ದು ಹೊಸ ಗಿಡವಲ್ಲ, ಅದೇ ಗಿಡದ ಇನ್ನೊಂದು ತುಂಡು. ಅಂದರೆ ನಾನು ಹಂಚಿದ 64 ಕಡ್ಡಿಯೂ ಗಂಡೇ. ಸಂಜೆ ಭೂತಗನ್ನಡಿ ಜೇಬಿನಲ್ಲಿಟ್ಟುಕೊಂಡು ಓಣಿ ಓಣಿ ತಿರುಗಿದೆ. ಹದಿನೇಳು ಮನೆಯ ಬಳ್ಳಿ ನೋಡಿದೆ, ಹದಿನೇಳೂ ಗಂಡು. ವೆಲ್ಡರ್ ಹುಡುಗ "ಕ್ಯಾ ದೇಖ್ ರಹೇ ಹೋ ಚಾಚಾ" ಅಂದ. ಹುಳ ನೋಡುತ್ತಿದ್ದೇನೆ ಅಂದೆ. ಇಡೀ ಗುಡ್ಡದ ಮೇಲೆ ಒಂದೇ ಒಂದು ಹೆಣ್ಣು ಬಳ್ಳಿ ಇಲ್ಲದಂತೆ ಮಾಡಿ ಕೂತಿದ್ದೇನೆ ಅಂತ ಹೇಗೆ ಹೇಳಲಿ?

ಆದ್ದರಿಂದ ನಿನ್ನ ಫೋಟೋದ ಕೆಂಪು ಹಣ್ಣು ಕಂಡಾಗ ನನ್ನ ಎದೆ ಹೊಡೆದುಕೊಂಡಿತು. ಹಣ್ಣು ಇದ್ದರೆ ಅದು ಹೆಣ್ಣು, ಅನುಮಾನವೇ ಇಲ್ಲ. ಅಮೃತಬಳ್ಳಿಯೇ ಹೌದೋ ಅಂತ ನೋಡುವುದಷ್ಟೇ ಬಾಕಿ. ಈ ವಿಷಯದಲ್ಲಿ ಅವಸರ ಮಾಡಬೇಡ. ಈ ಬಳ್ಳಿಯ ಮನೆತನ ಒಳ್ಳೆಯವರು ಕೆಟ್ಟವರು ಎಲ್ಲ ಸೇರಿದ ದೊಡ್ಡ ಮನೆತನ. ದಕ್ಷಿಣ ಅಮೆರಿಕದ ಕಾಡಿನವರು ಬಾಣಕ್ಕೆ ಹಚ್ಚುವ ಕ್ಯುರಾರೆ ವಿಷ ಇದೇ ಕುಟುಂಬದ ಒಂದು ಬಳ್ಳಿಯದು. ಅದೇ ವಿಷವನ್ನು ಅಳತೆಯಲ್ಲಿ ಕೊಟ್ಟು ಶಸ್ತ್ರಚಿಕಿತ್ಸೆಯ ಹೊತ್ತಿಗೆ ಮೈಯ ಸ್ನಾಯು ಸಡಿಲಿಸುವುದನ್ನು 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಶುರು ಮಾಡಿದರು. ಉತ್ತರ ಅಮೆರಿಕದಲ್ಲಿ ಇನ್ನೊಂದು ದಾಯಾದಿ ಇದೆ, ಹಣ್ಣು ನೋಡಿದರೆ ಕಾಡುದ್ರಾಕ್ಷಿ, ತಿಂದರೆ ವಿಷ. ಒಳಗಿನ ಬೀಜ ಒಂದೇ, ಅದೂ ಬಿದಿಗೆ ಚಂದ್ರನ ಹಾಗೆ ಬಾಗಿದ್ದು. ಇಡೀ ಕುಟುಂಬಕ್ಕೆ ಹೆಸರು ಬಂದದ್ದು ಆ ಚಂದ್ರನಂಥ ಬೀಜದಿಂದ.

ನಮ್ಮ ಕಡೆಯ ದಾಯಾದಿ ದಾಗಡಿ ಬಳ್ಳಿ. ನಮ್ಮೂರ ಬೇಲಿಗಳ ಮೇಲೆ ಅದು ಬಿದ್ದುಕೊಂಡಿರುತ್ತಿತ್ತು, ಎಲೆಯ ಮೇಲೆ ಮೆತ್ತನೆಯ ರೋಮ. ಸಾಲಿಗೆ ಹೋಗುವಾಗ ಎಲೆ ಕಿತ್ತು ತಂಬಿಗೆ ನೀರಿನಲ್ಲಿ ಕಿವುಚಿ ಇಟ್ಟರೆ, ಸಾಲಿ ಬಿಟ್ಟು ಬರುವುದರೊಳಗೆ ನೀರು ಹಸಿರು ಮೊಸರಿನಂತೆ ಹೆಪ್ಪುಗಟ್ಟಿರುತ್ತಿತ್ತು. ತಂಬಿಗೆ ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಅದರ ಕಪ್ಪು ನೇರಳೆ ಹಣ್ಣು ಹಿಂಡಿ ಶಾಯಿ ಮಾಡಿ ಬರೆದು, ಬಿಳಿ ಅಂಗಿ ಕೆಡಿಸಿಕೊಂಡು, ನಿನ್ನ ಮುತ್ತಜ್ಜಿಯ ಕೈಯಲ್ಲಿ ಬೆತ್ತದ ರುಚಿ ಕಂಡಿದ್ದೇನೆ. ಆ ಕಲೆ ಹೋಗಲೇ ಇಲ್ಲ. ನಿನ್ನ ಬಳ್ಳಿ ದಾಗಡಿ ಅಲ್ಲ, ಅದರ ಹಣ್ಣು ಕೆಂಪಲ್ಲ. ಸುಮ್ಮನೆ ನೆನಪಾಯಿತು.

ಜೋಪಾನ ಮಾಡಬೇಕಾದ್ದು ಕಾಕಮಾರಿಯ ವಿಷಯದಲ್ಲಿ. ಧಾರವಾಡದ ಬಯಲಿಗಿಂತ ನೀನು ಗಾಡಿಯಲ್ಲಿ ದಾಟಿ ಬರುವ ಘಟ್ಟದ ಕಾಡಿನಲ್ಲಿ ಅದು ಜಾಸ್ತಿ. ಅದರದ್ದೂ ಹೃದಯದಾಕಾರದ ಎಲೆ, ಅದರದ್ದೂ ಬಿರುಕು ಬಿಟ್ಟ ತೊಗಟೆ. ಆದರೆ ಎಲೆ ಅಂಗೈಗಿಂತ ದೊಡ್ಡದು, ದಪ್ಪ. ಹಿಂದೆ ತಿರುಗಿಸಿದರೆ ನರ ಕವಲೊಡೆಯುವ ಕಡೆ ಸಣ್ಣ ರೋಮದ ಕುಚ್ಚು ಇರುತ್ತದೆ. ಕಾಯಿ ಹಳೆಯ ಕಾಂಡದಿಂದಲೇ ಮೊಳದುದ್ದದ ಗೊಂಚಲಾಗಿ ಜೋತುಬೀಳುತ್ತದೆ. ಆ ಕಾಯಿ ಅರೆದು ಹಳ್ಳಕ್ಕೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುತ್ತಿದ್ದರು. ಮೀನಿಗೆ ಆಗುವುದು ಮನುಷ್ಯನಿಗೂ ಆಗುತ್ತದೆ.

ಈಗ ನಿನ್ನ ಬೇವಿನ ಮರದ ಹತ್ತಿರ ಹೋಗು. ಮೊದಲು ಎಲೆ ನೋಡಬೇಡ, ಎಲೆ ಎಲ್ಲರನ್ನೂ ಮೋಸ ಮಾಡುತ್ತದೆ. ಕಿರುಬೆರಳು ಗಾತ್ರದ ಹಳೆಯ ಕಾಂಡ ಹಿಡಿ. ಮೇಲೆ ಬೂದು ಬಣ್ಣದ ತೆಳು ಸಿಪ್ಪೆ ಇರುತ್ತದೆ, ಈರುಳ್ಳಿ ಸಿಪ್ಪೆಯ ಹಾಗೆ. ಉಗುರಿನಿಂದ ಎಬ್ಬಿಸಿದರೆ ಹಾಳೆಯಾಗಿ ಏಳಬೇಕು, ಒಳಗೆ ಕಣ್ಣಿಗೆ ಹೊಡೆಯುವ ಹಸಿರು ಇರಬೇಕು. ಸಿಪ್ಪೆಯ ಮೇಲೆ ಅಲ್ಲಲ್ಲಿ ಚುಕ್ಕಿಯಂಥ ಸಣ್ಣ ಬಾಯಿ ಇರುತ್ತವೆ, ಗಿಡ ಉಸಿರಾಡುವ ಜಾಗ. ಅವು ಪರವಾಗಿಲ್ಲ. ಆದರೆ ಕಾಂಡದ ತುಂಬ ನರೂಲಿಯಂತೆ ಗಂಟುಗಳೆದ್ದಿದ್ದರೆ ಕೈ ಬಿಡು.

ಬ್ಲೇಡಿನಿಂದ ಕಾಂಡವನ್ನು ಅಡ್ಡ ಕೊಯ್ದು ಮುಖ ನೋಡು. ನಡುವಿನಿಂದ ಅಂಚಿಗೆ ಎತ್ತಿನ ಬಂಡಿಯ ಗಾಲಿಯ ಅರೆಗಳಂತೆ ಗೆರೆ ಹೊರಟಿರುತ್ತವೆ. ಅದಕ್ಕೇ ಇದಕ್ಕೆ ಚಕ್ರಲಕ್ಷಣಿಕಾ ಅಂತ ಇನ್ನೊಂದು ಹೆಸರು. ಕೊಯ್ದ ಕಡೆ ಹಾಲಿನಂಥ ದ್ರವ ಬರಬಾರದು. ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡುವ ಚಾಳಿ ನಮ್ಮವರಿಗಿದೆ, ಕಹಿಯಾದರೆ ಅಮೃತಬಳ್ಳಿ ಅನ್ನುತ್ತಾರೆ. ಬೇಡ. ಆ ಮನೆತನದಲ್ಲಿ ಕಹಿ ಅಲ್ಲದವರು ಯಾರು?

ಆಮೇಲೆ ತಲೆ ಎತ್ತಿ ನೋಡು. ಮೇಲಿನ ಕೊಂಬೆಗಳಿಂದ ದಾರದಂಥ ಬೇರು ಗಾಳಿಯಲ್ಲಿ ಉದ್ದಕ್ಕೆ ಇಳಿದಿರುತ್ತವೆ. ಮೆಣಸಿನ ಬಳ್ಳಿ, ವೀಳ್ಯದ ಬಳ್ಳಿಯ ಬೇರು ಗಿಣ್ಣಿನಲ್ಲಿ ಹುಟ್ಟಿ ಮರಕ್ಕೆ ಅಂಟಿಕೊಳ್ಳುತ್ತವೆ. ಇದರದ್ದು ಅಂಟುವುದಿಲ್ಲ, ಜೋತಾಡುತ್ತದೆ, ಬಿಟ್ಟರೆ ನೆಲ ಮುಟ್ಟುವವರೆಗೂ ಇಳಿಯುತ್ತದೆ. ನಮ್ಮ ಬಳ್ಳಿಯ ಬುಡವನ್ನು ಒಮ್ಮೆ ಯಾರೋ ತಿಳಿಯದೆ ಕಡಿದಾಗ, ಮೇಲೆ ಉಳಿದದ್ದು ಹೀಗೇ ಎಳೆ ಇಳಿಬಿಟ್ಟು ಮತ್ತೆ ಮಣ್ಣು ಹಿಡಿಯಿತು. ಎಲೆಯನ್ನು ಕಡೆಗೆ ನೋಡು: ಎರಡೂ ಕಡೆ ನುಣುಪು, ತೊಟ್ಟು ಉದ್ದ, ಬುಡದಲ್ಲಿ ತುಸು ದಪ್ಪ. ಹಿಂಬದಿ ಮಖಮಲ್ಲಿನ ಹಾಗೆ ರೋಮವಿದ್ದರೆ ಅದು ಅದೇ ಕುಲದ ಇನ್ನೊಂದು ಜಾತಿ, ಟಿನೊಸ್ಪೋರ ಸೈನೆನ್ಸಿಸ್. ನಮಗೆ ಬೇಕಾದ್ದು ಟಿನೊಸ್ಪೋರ ಕಾರ್ಡಿಫೋಲಿಯ.

ಹಣ್ಣು ಇರುವುದು ನಿನ್ನ ಪುಣ್ಯ. ಒಂದು ತೊಟ್ಟಿಗೆ ಒಂದರಿಂದ ಮೂರು ಇರುತ್ತವೆ. ಅವು ಗುಂಡಗೆ, ಕೆಂಪಗೆ ಇದ್ದರೆ ನಮ್ಮದು. ಉದ್ದುದ್ದವಾಗಿ, ಕಿತ್ತಳೆ ಬಣ್ಣಕ್ಕಿದ್ದರೆ ಟಿನೊಸ್ಪೋರ ಕ್ರಿಸ್ಪ. ಮೇಲೆ ಹೇಳಿದ ನರೂಲಿ ಗಂಟಿನವನು ಇವನೇ. ಹೂವಿನಲ್ಲೂ ಇವನಿಗೆ ಮೂರೇ ಎಸಳು. ಈ ಗುರುತುಗಳನ್ನು ಆಯುಷ್ ಸಚಿವಾಲಯ 2022ರ ಫೆಬ್ರವರಿಯಲ್ಲಿ ಹೊರಡಿಸಿದ ಪ್ರಕಟಣೆಯಿಂದ ಬರೆದುಕೊಂಡಿದ್ದೇನೆ, ಅದರ ಪೇಪರ್ ಕಟಿಂಗು ಇನ್ನೂ ನನ್ನ ವಹಿಯಲ್ಲಿದೆ. ಕ್ರಿಸ್ಪನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಣ್ಣು ಬಳ್ಳಿ ಇದ್ದರೂ ಇರಬಹುದೆಂದು ಒಂದು ನರ್ಸರಿಯಿಂದ ಅಮೃತಬಳ್ಳಿ ಅಂತ ಚೀಟಿ ಕಟ್ಟಿದ ಸಸಿ ತಂದೆ. ಆರು ತಿಂಗಳಲ್ಲಿ ಕಾಂಡ ಹಾಗಲಕಾಯಿಯ ಮೈ ಆಯಿತು. ಕೊಯ್ದೆ, ಬಿಳಿ ದ್ರವ. ಕಿತ್ತೆಸೆದೆ. ನೂರಿಪ್ಪತ್ತು ರೂಪಾಯಿ ಹೋಯಿತು, ಚೀಟಿಯ ಮೇಲಿನ ನಂಬಿಕೆಯೂ ಹೋಯಿತು.

ಆ ಪ್ರಕಟಣೆ ಯಾಕೆ ಬಂತು ಅಂತ ನಿನಗೆ ಗೊತ್ತಿರಲಿ. ಕೊರೊನಾ ಕಾಲದಲ್ಲಿ ಜನ ಇದನ್ನು ಬೇಕಾಬಿಟ್ಟಿ ಕುಡಿದರು. 2020ರ ಕೊನೆಯ ನಾಲ್ಕು ತಿಂಗಳಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದು ಬಂದ ಆರು ಮಂದಿಯ ಬಗ್ಗೆ ಮುಂಬೈನ ವೈದ್ಯರು ಮರುವರ್ಷ ಬರೆದರು, ಆರೂ ಮಂದಿ ಈ ಬಳ್ಳಿ ಸೇವಿಸಿದವರು. ಆಮೇಲೆ ದೇಶದ 13 ಆಸ್ಪತ್ರೆಗಳು ಸೇರಿ 43 ರೋಗಿಗಳ ಲೆಕ್ಕ ಕೊಟ್ಟವು. ತಪ್ಪು ಬಳ್ಳಿ ಕುಡಿದಿರಬಹುದು ಅಂತ ಆಯುಷ್‌ನವರು, ಬಳ್ಳಿ ಸರಿಯೇ ಇತ್ತು ಅಂತ ವೈದ್ಯರು, ಜಗಳ ನಡೆಯಿತು. ನಾನೂ ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ ಇಳಿಸುತ್ತಿದ್ದವನೇ, ಎಂಟು ತಿಂಗಳು. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿ ಏರಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ "ಏನು ಕುಡೀತೀರಿ?" ನಾನು ಅಭಿಮಾನದಿಂದ "ಸಾರಾಯಿ ಮುಟ್ಟಿದವನಲ್ಲ" ಅಂದೆ. ಅವರು ಕೇಳಿದ್ದು ಅದನ್ನಲ್ಲ. ಬಿಟ್ಟೆ, ಎರಡು ತಿಂಗಳಿಗೆ ಅಂಕಿ ಇಳಿಯಿತು. ತಪ್ಪು ಬಳ್ಳಿಯದೋ ನನ್ನ ಲೋಟದ್ದೋ ಯಾರು ಹೇಳುತ್ತಾರೆ. ಅಂದಿನಿಂದ ಬಳ್ಳಿ ನೋಡಲಿಕ್ಕೆ ಮಾತ್ರ. ನೀನೂ ಹಣ್ಣು ಬಾಯಿಗೆ ಹಾಕಬೇಡ, ಅದು ಪಿಕಳಾರ ಹಕ್ಕಿಯ ಪಾಲು.

ಊರಿನಿಂದಲೇ ತರಿಸಬಹುದಿತ್ತಲ್ಲ ಅಂತ ಕೇಳುತ್ತೀ. ಕೇಳಿದೆ. ನಿನ್ನ ಚಿಕ್ಕಜ್ಜ ಫೋನಿನಲ್ಲಿ ನಕ್ಕುಬಿಟ್ಟ. "ಅಣ್ಣಾ, ಬೇಲಿ ಮ್ಯಾಲಿನ ಅಮೃತಬಳ್ಳಿ, ದಾಗಡಿ, ಎಲ್ಲಾ ಕಡದು ಸುಟ್ಟೀವಿ." ಕಾರಣ ದಾಳಿಂಬೆ. ಬಾಗಲಕೋಟೆ ಕಡೆ ಈಗ ಎಲ್ಲಿ ನೋಡಿದರೂ ದಾಳಿಂಬೆ ತೋಟ. ಹಣ್ಣಿನ ರಸ ಹೀರುವ ಒಂದು ಪತಂಗ ಇದೆ, ರಾತ್ರಿ ಬಂದು ಸೂಜಿಯಂಥ ಸೊಂಡಿಲು ಚುಚ್ಚುತ್ತದೆ, ನಾಲ್ಕು ದಿನಕ್ಕೆ ಹಣ್ಣು ಕೊಳೆತು ಬೀಳುತ್ತದೆ. ಅದರ ಮರಿಹುಳ ದಾಳಿಂಬೆ ತಿನ್ನುವುದಿಲ್ಲ, ಬೆಳೆಯುವುದು ಅಮೃತಬಳ್ಳಿ ದಾಗಡಿಗಳ ಎಲೆ ತಿಂದು. ತೋಟದ ಸುತ್ತ ಈ ಬಳ್ಳಿ ಉಳಿಸಬೇಡಿ ಅಂತ ತೋಟಗಾರಿಕೆಯವರೇ ಹೇಳುತ್ತಾರೆ. ತಪ್ಪೇನಿಲ್ಲ, ಅವನ ಹೊಟ್ಟೆಪಾಡು ಅದು. ಆದರೆ ನಿನ್ನ ಮುತ್ತಜ್ಜಿ ಕಡ್ಡಿ ಮುರಿದ ಬಳ್ಳಿಯ ಬುಡ ಈಗ ಇಲ್ಲ. ಅದರ ಸಂತತಿ ಇರುವುದು ಸಡಾದಲ್ಲಿ ಮಾತ್ರ.

ಆ ಮರಿಹುಳ ನಮ್ಮ ಬಳ್ಳಿಗೂ ಬರುತ್ತದೆ. ಕಪ್ಪು ಮೈ, ಪಕ್ಕದಲ್ಲಿ ಎರಡು ದೊಡ್ಡ ಕಣ್ಣಿನಂಥ ಚುಕ್ಕಿ. ಬೆರಳು ಹತ್ತಿರ ತಂದರೆ ತಲೆ ಒಳಗೆ ಮಡಚಿ, ಬಾಲ ಎತ್ತಿ, ಆ ಸುಳ್ಳು ಕಣ್ಣುಗಳಿಂದ ಹಾವಿನ ಮರಿಯಂತೆ ದಿಟ್ಟಿಸುತ್ತದೆ. ನೀನು ಐದು ವರ್ಷದವಳಿದ್ದಾಗ ಅದನ್ನು ಕಂಡು ಚೀರಿದ್ದು ನೆನಪಿದೆಯೇ? ಇಲ್ಲಿ ದಾಳಿಂಬೆ ತೋಟ ಇಲ್ಲ, ತಿನ್ನಲಿ ಬಿಡು ಅಂತ ಬಿಟ್ಟಿದ್ದೇನೆ. ನಿನ್ನ ಕಾಲೇಜಿನ ತೋಟದವರಿಗೆ ಮಾತ್ರ ಈ ಹುಳದ ಮೇಲೆ ಸಿಟ್ಟು ಇರಬಹುದು. ನಿನ್ನ ಬೇವಿನ ಮರದ ಬಳ್ಳಿಯನ್ನು ಅವರೂ ಒಂದು ದಿನ ಕಡಿದಾರು. ಅದಕ್ಕೇ ಈ ಪತ್ರ ಸ್ವಲ್ಪ ಅವಸರದಲ್ಲಿ ಬರೆಯುತ್ತಿದ್ದೇನೆ.

ಏನು ಮಾಡಬೇಕು ಕೇಳು. ಈಗಲೇ ಕಡ್ಡಿ ಕಡಿಯಬೇಡ. ಚಳಿಯಲ್ಲಿ ಕಡಿದದ್ದು ಬದುಕಿದರೂ ಇಲ್ಲಿ ತಂದು ನೆಡುವ ಹೊತ್ತಲ್ಲ. ಹಣ್ಣು ಇರುವ ಬಳ್ಳಿಗೆ ಈಗ ಗುರುತು ಕಟ್ಟು. ಬೇಸಿಗೆಗೆ ಹಣ್ಣೂ ಇರುವುದಿಲ್ಲ, ಎಲೆಯೂ ಇರುವುದಿಲ್ಲ, ಒಂದೇ ಮರದ ಮೇಲೆ ಗಂಡೂ ಹೆಣ್ಣೂ ಹೆಣೆದುಕೊಂಡಿದ್ದರೆ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಹಣ್ಣಿನ ಕೊಂಬೆಯಿಂದ ಕೈ ಆಡಿಸುತ್ತ ಕೆಳಗಿನ ಕಾಂಡದವರೆಗೆ ಬಂದು ಅಲ್ಲಿ ಕಟ್ಟು. ಕೆಂಪು ದಾರ ಬೇಡ, ಹರಕೆ ಅಂದುಕೊಂಡು ಯಾರಾದರೂ ಕುಂಕುಮ ಹಚ್ಚಿ ಊದಿನಕಡ್ಡಿ ಚುಚ್ಚುತ್ತಾರೆ. ಈ ಲಕೋಟೆಯಲ್ಲಿ ನೀಲಿ ಎಳೆ ಇಟ್ಟಿದ್ದೇನೆ. ಹಡಗು ಕಟ್ಟುವ ಹಳೆಯ ಹಗ್ಗದಿಂದ ಬಿಚ್ಚಿದ್ದು, ಬಿಸಿಲು ಮಳೆಗೆ ಬಗ್ಗುವುದಿಲ್ಲ. ಬಿಗಿಯಾಗಿ ಕಟ್ಟಬೇಡ, ಕಾಂಡ ದಪ್ಪವಾಗಲು ಜಾಗ ಇರಲಿ.

ಜೂನ್ ಮೊದಲ ಮಳೆ ಬಿದ್ದ ಮೇಲೆ, ಮರ ಯಾರ ಸುಪರ್ದಿಯಲ್ಲಿದೆಯೋ ಅವರನ್ನು ಕೇಳಿ ಕಡಿ. ಕೇಳದೆ ಮುಟ್ಟಬೇಡ. ಕಳೆದ ವರ್ಷದ ಬಲಿತ ಕಾಂಡ, ಬೆರಳು ಗಾತ್ರ, ಗೇಣುದ್ದ, ಪ್ರತಿ ಕಡ್ಡಿಗೆ ಮೂರು ಗಿಣ್ಣು. ಕೆಳತುದಿ ಓರೆಯಾಗಿ ಕೊಯ್ಯಿ, ಮೇಲ್ತುದಿ ನೇರ. ಇಲ್ಲದಿದ್ದರೆ ತಲೆಕೆಳಗಾಗಿ ನೆಡುತ್ತೇವೆ, ನಾನೇ ನೆಟ್ಟಿದ್ದೇನೆ. ಬುಡ ಉಳಿಸು. ಒದ್ದೆ ಗೋಣಿತಾಟಿನಲ್ಲಿ ಸುತ್ತಿ ತಾ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬೇಯಿಸಬೇಡ. ಐದಾರು ಇರಲಿ. ಇನ್ನೊಂದು ಕಡೆ ಬೇರೆ ಹೆಣ್ಣು ಬಳ್ಳಿ ಕಂಡರೆ ಅದರದ್ದೂ ಎರಡು. ಎಲ್ಲವೂ ಒಂದೇ ತಾಯಿಯ ತುಂಡುಗಳಾದರೆ ಮತ್ತೆ ನನ್ನ ಹಳೆಯ ತಪ್ಪೇ.

ಜೊತೆಗೆ ಈಗಲೇ ಹತ್ತು ಹಣ್ಣು ಕಿತ್ತು, ಕಿವುಚಿ, ತೊಳೆದು, ನೆರಳಲ್ಲಿ ಆರಿಸಿಕೋ. ಬೀಜವನ್ನು ಅಂಗೈಯಲ್ಲಿಟ್ಟು ನೋಡು, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಕುಳಿ. ತಡ ಮಾಡದೆ ಕುಂಡದಲ್ಲಿ ಹಾಕು. ಎಲ್ಲವೂ ಹುಟ್ಟುವುದಿಲ್ಲ, ಹುಟ್ಟಿದ್ದೂ ನಿಧಾನ. ಗಂಡೋ ಹೆಣ್ಣೋ ಹೂ ಬಿಡುವವರೆಗೆ ತಿಳಿಯದು. ನೀನು ಡಿಗ್ರಿ ಮುಗಿಸುವುದರೊಳಗೆ ತಿಳಿದರೆ ತಿಳಿಯಿತು. ಆದರೆ ಹೊಸ ಬಳ್ಳಿ ಅಂದರೆ ಅದೇ, ಕಡ್ಡಿಯಿಂದ ಬಂದದ್ದಲ್ಲ.

ಇಲ್ಲಿ ಜಾಗ ತಯಾರು ಮಾಡುತ್ತಿದ್ದೇನೆ. ಮನೆಯ ಪೂರ್ವಕ್ಕೆ, ಸಮುದ್ರದ ಗಾಳಿಗೆ ಗೋಡೆ ಅಡ್ಡ ಇರುವ ಕಡೆ. ಜಂಬಿಟ್ಟಿಗೆಯಲ್ಲಿ ಹಾರೆ ಹಾಕಿದರೆ ಕಿಡಿ ಬರುತ್ತದೆ, ದಿನಕ್ಕೆ ಒಂದು ಬುಟ್ಟಿ ಕಲ್ಲು ತೆಗೆಯುವುದೇ ದೊಡ್ಡದು. ಗುಂಡಿ ಈಗ ಮೊಣಕಾಲುದ್ದ ಆಗಿದೆ. ಕೆಂಪು ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಸಮಸಮ ತುಂಬುತ್ತೇನೆ. ಮೊದಲ ಸಲ ಹಂಚಿದ ಕಡ್ಡಿಗಳಲ್ಲಿ ಅರ್ಧಕ್ಕರ್ಧ ಕೊಳೆತದ್ದು ನೀರು ನಿಂತು. ಅದಕ್ಕೇ ನೀನು ತಂದ ಕಡ್ಡಿಗಳು ಮೊದಲು ತೂತು ಮಾಡಿದ ಡಬ್ಬಿಗಳಲ್ಲಿ, ಸೂರಿನ ಕೆಳಗೆ, ಒಂದೂವರೆ ತಿಂಗಳು. ಬೇರು ಹಿಡಿದ ಮೇಲೆ ಗುಂಡಿಗೆ. ಹತ್ತಲು ಗೊಬ್ಬರದ ಗಿಡದ ಗೂಟ ನೆಟ್ಟಿದ್ದೇನೆ, ಅದು ಆಗಲೇ ಚಿಗುರಿದೆ. ನಿಮ್ಮವ್ವ ಬೇವೇ ಆಗಬೇಕು, ಬೇವಿನ ಮೇಲಿನ ಅಮೃತಬಳ್ಳಿಯೇ ಶ್ರೇಷ್ಠ ಅನ್ನುತ್ತಾಳೆ. ಕುಡಿಯದವನಿಗೆ ಯಾವ ಮರವಾದರೇನು. ಪಕ್ಕದ ಬಾಯಿಯ ಮಾವಿಗೆ ಹತ್ತದಂತೆ ಕಾದರೆ ಸಾಕು. ಇದು ಹಬ್ಬಿದರೆ ಸಣ್ಣ ಮರವನ್ನು ಹೊದ್ದು ಕತ್ತಲು ಮಾಡಿಬಿಡುತ್ತದೆ.

ಮಾವಿನ ಮಾತು ಬಂದದ್ದರಿಂದ ನೆನಪಾಯಿತು. ನಿನ್ನೆ ಎಳ್ಳುಬೆಲ್ಲ ಕೊಡಲು ಹೋದಾಗ ಆ ಬಾಯಿಗೆ ಗಂಡು ಬಳ್ಳಿಯ ವಿಷಯ ಕೊನೆಗೂ ಹೇಳಿಬಿಟ್ಟೆ, ಹಿಂದಿ ಕೊಂಕಣಿ ಬೆರೆಸಿ. ಆಕೆ ಎಷ್ಟು ನಕ್ಕಳೆಂದರೆ ಒಳಗಿನಿಂದ ಸೊಸೆ ಓಡಿ ಬಂದಳು. ಈಗ ಹದಿನೇಳು ಮನೆಗೂ ಸುದ್ದಿ ಮುಟ್ಟಿರಬೇಕು. ಬೆಳಿಗ್ಗೆ ವೆಲ್ಡರ್ ಹುಡುಗ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ, "ಚಾಚಾ, ದುಲ್ಹನ್ ಕಬ್ ಆ ರಹೀ ಹೈ?" ಅಂತ ಕೇಳಿ ಹೋದ. ಜೂನಿನಲ್ಲಿ, ನನ್ನ ಮೊಮ್ಮಗಳ ಜೊತೆ ಗಾಡಿಯಲ್ಲಿ ಅಂದಿದ್ದೇನೆ.

ಎಳೆ ಕಟ್ಟಿದ ಮೇಲೆ ಫೋಟೋ ಕಳಿಸು. ಕೊಯ್ದ ಕಾಂಡದ ಮುಖದ್ದೂ ಒಂದು, ಹತ್ತಿರದಿಂದ.

ನಿನ್ನ
ಅಜ್ಜ